ಜಠರದ ಕ್ಯಾನ್ಸರಿನಲ್ಲಿ ಪ್ರೋಟೀನು ಸೂಚಕಗಳು: ಗತಿಯನ್ನು ಹೇಳುವವು, ದಾರಿಯನ್ನು ತೋರುವವು

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಊರಿನಿಂದ ಚಿಕಿತ್ಸೆಗೆಂದು ಬಂದ ಬಂಧುಗಳೊಡನೆ ದೊಡ್ಡ ಆಸ್ಪತ್ರೆಗಳ ಮೆಟ್ಟಿಲೇರದವರು ವಿರಳವೆಂದೇ ಹೇಳಬೇಕು. ಇಂಗ್ಲಿಷು ಬಲ್ಲವರೆಂಬ ಕಾರಣದಿಂದ ಪರೀಕ್ಷಾಲಯದ ವರದಿಗಳನ್ನು ಓದಿ ಹೇಳುವ ಹೊಣೆಯೂ ನಮ್ಮ ಪಾಲಿಗೇ ಬರುತ್ತದೆ. ಕೆಲವು ಕಾಲದ ಹಿಂದೆ ಧಾರವಾಡದ ಕಡೆಯಿಂದ ಬಂದ ಬಂಧುವೊಬ್ಬರ ವರದಿಯನ್ನು ಹಿಡಿದು ನಾನು ನಿಂತಿದ್ದಾಗ, ರೋಗಿಯ ಮಗನು ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಮಾಮಾ, ಇಲ್ಲಿ ಪಾಸಿಟಿವ್ ಅಂತ ಅದ, ಮುಂದ ಮೂರು ಪ್ಲಸ್ ಅಂತ ಬರ್ದಾರ. ಅಂದ್ರ ಮೂರು ಪಟ್ಟು ಕೆಟ್ಟದ್ದೇನು?" ಎಂದು ಕೇಳಿದನು. ವರದಿಯು ಜಠರದ ಕ್ಯಾನ್ಸರಿನದು. ಆ ಸಾಲು 'ಹರ್-೨' ಎಂಬ ಪ್ರೋಟೀನಿಗೆ ಸಂಬಂಧಿಸಿದುದು. ವೈದ್ಯಕೀಯವು ನನ್ನ ವೃತ್ತಿಯಲ್ಲ. ರಸಾಯನಶಾಸ್ತ್ರವನ್ನು ಬೋಧಿಸಿ ಬಂದವನು ನಾನು. ಆ ಹುಡುಗನಿಗೆ ಸರಿಯಾದ ಉತ್ತರವನ್ನು ಕೊಡಲು ಅಂದು ನನ್ನಿಂದಾಗಲಿಲ್ಲ. ಆತನ ಪ್ರಶ್ನೆಯ ಬೆನ್ನು ಹತ್ತಿ ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರೋಗದ ವ್ಯಾಪ್ತಿಯನ್ನು ಮೊದಲು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ೨೦೨೨ನೆಯ ಇಸವಿಯ ಅಂದಾಜಿನಂತೆ ಪ್ರಪಂಚದಲ್ಲಿ ಒಂದು ವರ್ಷಕ್ಕೆ ಸುಮಾರು ೯ ಲಕ್ಷ ೬೮ ಸಾವಿರ ಮಂದಿಗೆ ಜಠರದ ಕ್ಯಾನ್ಸರು ತಗಲಿತು. ಸುಮಾರು ೬ ಲಕ್ಷ ೬೦ ಸಾವಿರ ಮಂದಿ ಅದರಿಂದ ಮಡಿದರು. ಜಪಾನ್, ಕೊರಿಯಾ, ಚೀನಾ ದೇಶಗಳಲ್ಲಿ ಇದರ ಬಾಧೆ ಹೆಚ್ಚು. ನಮ್ಮ ದೇಶದಲ್ಲಿ ಮಿಜೋರಾಮಿನಲ್ಲಿ ಅತಿ ಹೆಚ್ಚು. ಜಠರದಲ್ಲಿ ಬಹುಕಾಲ ಮನೆಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಯು ಇದರ ಮುಖ್ಯ ಕಾರಣಗಳಲ್ಲಿ ಒಂದೆಂದು ೧೯೯೪ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿರ್ಣಯಿಸಿತು. ಆದರೆ ಪ್ರಕೃತ ನಮ್ಮ ವಿಷಯ ರೋಗದ ಕಾರಣವಲ್ಲ. ರೋಗ ಬಂದ ಮೇಲೆ ಅದರ ಗತಿ ಏನು, ಅದನ್ನು ಮುಂಚಿತವಾಗಿ ತಿಳಿಯುವುದೆಂತು, ತಿಳಿದರೆ ಅದರಿಂದ ರೋಗಿಗೆ ಪ್ರಯೋಜನವೇನು ಎಂಬುದು.

೧೮೮೧ನೆಯ ಜನವರಿ ೨೯ರಂದು ವಿಯೆನ್ನಾ ನಗರದಲ್ಲಿ ಥಿಯೋಡೋರ್ ಬಿಲ್ರೋತ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರು ಹಿಡಿದಿದ್ದ ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆದು, ಉಳಿದ ಭಾಗವನ್ನು ಸಣ್ಣ ಕರುಳಿಗೆ ಹೊಲಿದರು. ಅದಕ್ಕೆ ಮುಂಚೆ ಈ ಸಾಹಸ ಮಾಡಿದ ಇಬ್ಬರು ಶಸ್ತ್ರವೈದ್ಯರ ರೋಗಿಗಳು ಕೆಲವೇ ಸಮಯದಲ್ಲಿ ತೀರಿಕೊಂಡಿದ್ದರು. ಬಿಲ್ರೋತರ ರೋಗಿಯು ಚೇತರಿಸಿಕೊಂಡು ಆಹಾರ ಸೇವಿಸಿದಳು. ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಇದೊಂದು ಮಹತ್ತ್ವದ ದಿನವೆಂದು ಗಣನೆಯಾಗಿದೆ. ಆದರೆ ಸುಮಾರು ನಾಲ್ಕು ತಿಂಗಳಲ್ಲಿ ಅದೇ ರೋಗವು ಮರುಕಳಿಸಿ ಆಕೆ ಮೃತಳಾದಳು. ಕತ್ತಿ ಸೋಲಲಿಲ್ಲ, ಕತ್ತಿಯ ಅಂಚಿನಾಚೆ ಏನು ಉಳಿದಿತ್ತೆಂಬುದನ್ನು ತಿಳಿಸುವ ಸಾಧನ ಯಾರ ಬಳಿಯೂ ಇರಲಿಲ್ಲ. ಗಂತಿಯು ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕಿಳಿದಿದೆ, ಸಮೀಪದ ಎಷ್ಟು ದುಗ್ಧಗ್ರಂಥಿಗಳಿಗೆ ಹರಡಿದೆ, ದೂರದ ಅಂಗಗಳನ್ನು ಮುಟ್ಟಿದೆಯೇ ಎಂಬ ಮೂರು ಅಂಶಗಳಿಂದ ರೋಗದ ಹಂತವನ್ನು ಗೊತ್ತುಮಾಡುವ ಕ್ರಮವು ಇಪ್ಪತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ರೋಗದ ಗತಿಯನ್ನು ಹೇಳುವುದರಲ್ಲಿ ಈ ಹಂತಗಣನೆಗೆ ಮಿಗಿಲಾದ ಸಾಧನ ಇಂದಿಗೂ ಇಲ್ಲ. ಆದರೂ ಒಂದೇ ಹಂತದ ಇಬ್ಬರು ರೋಗಿಗಳಲ್ಲಿ ಒಬ್ಬನು ಹತ್ತು ವರ್ಷ ಬದುಕುವುದೂ, ಮತ್ತೊಬ್ಬನು ವರ್ಷ ತುಂಬುವ ಮೊದಲೇ ತೀರಿಕೊಳ್ಳುವುದೂ ಉಂಟು. ಈ ಅಂತರಕ್ಕೆ ಕಾರಣವು ಜೀವಕೋಶದೊಳಗೇ ಇರಬೇಕೆಂಬ ತರ್ಕದಿಂದ ಪ್ರೋಟೀನು ಸೂಚಕಗಳ ಅನ್ವೇಷಣೆ ಹೊರಟಿತು.

ಈ ದಾರಿಯಲ್ಲಿ ಮೊದಲ ಸ್ಪಷ್ಟ ಹೆಜ್ಜೆಯನ್ನಿಟ್ಟವರು ಫಿನ್ಲೆಂಡಿನ ಪೆಕ್ಕಾ ಲೌರೇನ್. ೧೯೬೫ರಲ್ಲಿ ಅವರು ೧೩೪೪ ರೋಗಿಗಳ ಗಂತಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಅವು ಪ್ರಧಾನವಾಗಿ ಎರಡು ಬಗೆಯೆಂದು ತೋರಿಸಿದರು. ಒಂದರಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಕರುಳಿನ ಗ್ರಂಥಿಗಳಂತಹ ಆಕಾರಗಳನ್ನು ರಚಿಸುತ್ತವೆ. ಇದು ಕರುಳು ಮಾದರಿ. ಮತ್ತೊಂದರಲ್ಲಿ ಅವು ಒಂದೊಂದಾಗಿ ಬಿಡಿಬಿಡಿಯಾಗಿ ಜಠರದ ಗೋಡೆಯೊಳಕ್ಕೆ ನುಸುಳುತ್ತವೆ. ಇದು ಚದುರು ಮಾದರಿ. ಬಿಡಿಬಿಡಿಯಾಗುವುದೇಕೆ? ಜೀವಕೋಶಗಳನ್ನು ಗಾರೆಯಂತೆ ಪರಸ್ಪರ ಬಂಧಿಸುವ 'ಇ-ಕ್ಯಾಡ್ಹೆರಿನ್' ಎಂಬ ಪ್ರೋಟೀನು ಚದುರು ಮಾದರಿಯ ಗಂತಿಗಳಲ್ಲಿ ಅನೇಕ ವೇಳೆ ಕುಂದಿರುತ್ತದೆ ಇಲ್ಲವೆ ಲೋಪವಾಗಿರುತ್ತದೆ ಎಂಬುದು ಮುಂದೆ ತಿಳಿದುಬಂದಿತು. ೧೯೯೮ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಬರುತ್ತಿದ್ದ ಜಠರದ ಕ್ಯಾನ್ಸರಿಗೆ ಈ ಪ್ರೋಟೀನಿನ ಜೀನಿನ ದೋಷವೇ ಮೂಲವೆಂದು ಪ್ಯಾರಿ ಗಿಲ್ಫರ್ಡ್ ಮತ್ತು ಅವರ ಸಂಗಡಿಗರು ಸಾಧಿಸಿದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವ ಆಕಾರದ ಹಿಂದೆ ಹೆಸರಿಸಬಹುದಾದ ಒಂದು ಪ್ರೋಟೀನು ಇರುತ್ತದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನನಗೆ ದೊರೆತಿಲ್ಲ.

ಅಂಗಾಂಶದ ತುಣುಕಿನಲ್ಲಿ ಒಂದು ನಿರ್ದಿಷ್ಟ ಪ್ರೋಟೀನನ್ನು ಕಾಣುವುದು ಹೇಗೆ ಎಂಬುದನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು. ಏಕೆಂದರೆ ಮುಂದಿನ ಎಲ್ಲ ವಾದಗಳೂ ಈ ಕೈಗೆಲಸವನ್ನು ಆಧರಿಸಿವೆ. ಎಂಡೋಸ್ಕೋಪಿನಿಂದ ಚಿವುಟಿ ತೆಗೆದ ಇಲ್ಲವೆ ಶಸ್ತ್ರಕ್ರಿಯೆಯಲ್ಲಿ ಕೊಯ್ದ ಅಂಗಾಂಶವನ್ನು ಕೂಡಲೇ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸುತ್ತಾರೆ. ತರುವಾಯ ಅದರ ನೀರನ್ನು ನೀಗಿ, ಕರಗಿದ ಮೇಣದಲ್ಲಿ ಅದ್ದಿ, ಗಟ್ಟಿಯಾದ ಅಚ್ಚನ್ನು ಮಾಡುತ್ತಾರೆ. ಆ ಅಚ್ಚಿನಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳುವಾದ ಪದರನ್ನು ಹೆರೆದು ಗಾಜಿನ ಮೇಲೆ ಹರಡುತ್ತಾರೆ. ಇದರ ಮೇಲೆ ನಮಗೆ ಬೇಕಾದ ಪ್ರೋಟೀನಿಗೆ ಮಾತ್ರವೇ ಅಂಟಿಕೊಳ್ಳುವ ಪ್ರತಿಕಾಯವನ್ನು ಬಿಡುತ್ತಾರೆ. ಪ್ರತಿಕಾಯಕ್ಕೆ ಬಣ್ಣದ ಗುರುತನ್ನು ಕಟ್ಟುವ ಯೋಚನೆಯು ಅಮೆರಿಕದ ಆಲ್ಬರ್ಟ್ ಕೂನ್ಸ್ ಎಂಬುವರದು. ೧೯೪೧ರಲ್ಲಿ ಅವರು ಹೊಳೆಯುವ ಬಣ್ಣವನ್ನು ಕಟ್ಟಿದರು. ೧೯೬೦ರ ದಶಕದಲ್ಲಿ ಬಣ್ಣದ ಬದಲಿಗೆ ಕಿಣ್ವವನ್ನು ಕಟ್ಟುವ ವಿಧಾನ ಬಂದಿತು. ಆ ಕಿಣ್ವವು ತಾನಿರುವ ಸ್ಥಳದಲ್ಲಿ ಕಂದುಬಣ್ಣದ ಕಣಗಳನ್ನು ಉಂಟುಮಾಡುತ್ತದೆ; ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಅದು ಕಾಣುತ್ತದೆ. ೧೯೭೫ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಮಾರ್ಗವನ್ನು ಕಂಡುಹಿಡಿದ ಮೇಲೆ ಈ ಪರೀಕ್ಷೆಯು ಎಲ್ಲೆಡೆ ಹರಡಿತು.

ಇಲ್ಲೊಂದು ಸ್ವಾರಸ್ಯವಿದೆ. ಫಾರ್ಮಲಿನ್ ಅಂಗಾಂಶವನ್ನು ಕೊಳೆಯದಂತೆ ಕಾಪಾಡುತ್ತದೆ, ನಿಜ. ಆದರೆ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಪ್ರತಿಕಾಯವು ಗುರುತಿಸುವ ಭಾಗವನ್ನೇ ಮರೆಮಾಡುತ್ತದೆ. ೧೯೯೧ರಲ್ಲಿ ಈ ತೊಡಕಿಗೆ ದೊರೆತ ಪರಿಹಾರ ಅಡಿಗೆಮನೆಯದೇ: ಗಾಜಿನ ಮೇಲಿನ ಪದರನ್ನು ಮೈಕ್ರೋವೇವ್ ಒಲೆಯಲ್ಲಿ ದ್ರಾವಣದೊಡನೆ ಕುದಿಸುವುದು. ಕುದಿಸಿದರೆ ಹೆಣಿಗೆ ಸಡಿಲವಾಗಿ ಮರೆಯಾದುದು ಮತ್ತೆ ಹೊರಬೀಳುತ್ತದೆ. ಪ್ರೋಟೀನನ್ನು ಕುದಿಸಿದರೆ ಕೆಡುತ್ತದೆಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟ ನನ್ನಂಥವನಿಗೆ ಇದು ನಗೆಯನ್ನೂ ವಿನಯವನ್ನೂ ಒಟ್ಟಿಗೆ ತಂದಿತು. ಅಂಗಾಂಶವು ಫಾರ್ಮಲಿನ್ನಿಗೆ ಬೀಳಲು ತಡವಾದರೆ, ಅಥವಾ ಅದರಲ್ಲಿ ತೀರ ಕಡಮೆ ಹೊತ್ತು ಇದ್ದರೆ, ಕಂದುಬಣ್ಣವು ತಪ್ಪು ಸಾಕ್ಷ್ಯವನ್ನು ನುಡಿಯಬಹುದು. ಹರ್-೨ ಪರೀಕ್ಷೆಗೆ ಆರು ಗಂಟೆಗೆ ಕಡಮೆಯಿಲ್ಲದೆ, ಎಪ್ಪತ್ತೆರಡು ಗಂಟೆಗೆ ಮೀರದೆ ನೆನೆಸಬೇಕೆಂದು ವಿಧಿಸಿರುವುದು ಆದಕಾರಣವೇ.

ಬಣ್ಣ ಬಂದ ಮೇಲೆ ಅದನ್ನು ರೋಗಿಯ ಆಯುಸ್ಸಿನೊಡನೆ ಹೊಂದಿಸಿ ನೋಡಬೇಕು. ನೂರಾರು ರೋಗಿಗಳ ಹಳೆಯ ಅಚ್ಚುಗಳನ್ನು ಉಗ್ರಾಣದಿಂದ ತೆಗೆದು, ಬಣ್ಣ ಹಚ್ಚಿ, ಪ್ರೋಟೀನು ಇದ್ದವರದೊಂದು ಗುಂಪು, ಇಲ್ಲದವರದೊಂದು ಗುಂಪು ಎಂದು ವಿಂಗಡಿಸಿ, ಯಾವ ಗುಂಪಿನವರು ಎಷ್ಟು ಕಾಲ ಬದುಕಿದರೆಂದು ಗೆರೆಯೆಳೆಯುತ್ತಾರೆ. ಈ ಗೆರೆಯನ್ನೆಳೆಯುವ ಗಣಿತವನ್ನು ೧೯೫೮ರಲ್ಲಿ ಕ್ಯಾಪ್ಲನ್ ಮತ್ತು ಮೈಯರ್ ಎಂಬ ಇಬ್ಬರು ಅಮೆರಿಕನ್ನರು ಪ್ರಕಟಿಸಿದರು. ಅಧ್ಯಯನ ಮುಗಿಯುವ ವೇಳೆಗೆ ಇನ್ನೂ ಜೀವಂತವಾಗಿರುವವರನ್ನೂ, ನಡುವೆ ಸಂಪರ್ಕ ತಪ್ಪಿಹೋದವರನ್ನೂ ಲೆಕ್ಕದಿಂದ ಎಸೆಯದೆ, ಅವರ ವಿಷಯದಲ್ಲಿ ತಿಳಿದಿರುವಷ್ಟು ಕಾಲವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುವುದು ಅವರ ಯುಕ್ತಿ. ಸರಾಸರಿಯ ಬದಲು ಗುಂಪಿನ ಅರ್ಧದಷ್ಟು ಜನ ಬದುಕಿರುವ ಕಾಲವನ್ನು ಇಲ್ಲಿ ಹೇಳುತ್ತಾರೆ, ಇದನ್ನು ಮಧ್ಯಾಂಕವೆನ್ನೋಣ. 'ಮಧ್ಯಾಂಕ ಹನ್ನೊಂದು ತಿಂಗಳು' ಎಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದೇ ಅರ್ಥ. ಯಾವ ಒಬ್ಬ ರೋಗಿಗೂ ಅದು ಹಾಕಿಕೊಟ್ಟ ಗಡುವಲ್ಲ. ಆಸ್ಪತ್ರೆಯ ಪಡಸಾಲೆಗಳಲ್ಲಿ ಈ ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಒತ್ತಿ ಹೇಳಿದ್ದೇನೆ.

ಈ ಬಗೆಯ ಅಧ್ಯಯನಗಳು ೧೯೮೦ರಿಂದೀಚೆಗೆ ಮಹಾಪೂರದಂತೆ ಬಂದಿವೆ. ೧೯೭೯ರಲ್ಲಿ ಪತ್ತೆಯಾದ 'ಪಿ-೫೩' ಎಂಬ ಪ್ರೋಟೀನನ್ನೇ ತೆಗೆದುಕೊಳ್ಳೋಣ. ಜಠರದ ಕ್ಯಾನ್ಸರಿನಲ್ಲಿ ಅದಕ್ಕೆ ಬಣ್ಣ ಬಂದರೆ ರೋಗಿಯ ಗತಿ ಕೆಟ್ಟದ್ದೆಂದು ಕೆಲವರು ಬರೆದರು. ಯಾವ ಸಂಬಂಧವೂ ಇಲ್ಲವೆಂದು ಮತ್ತೆ ಕೆಲವರು ಬರೆದರು. ಇಂತಹ ವಿರೋಧಕ್ಕೆ ಕಾರಣವು ಭಾಗಶಃ ರಸಾಯನದಲ್ಲಿದೆ. ಆರೋಗ್ಯವಂತ ಜೀವಕೋಶದಲ್ಲಿ ಈ ಪ್ರೋಟೀನು ಹುಟ್ಟಿದೊಡನೆಯೇ ಚೂರಾಗುವುದರಿಂದ ಬಣ್ಣಕ್ಕೆ ಸಿಕ್ಕುವುದಿಲ್ಲ. ಜೀನು ಕೆಟ್ಟಾಗ ಚೂರಾಗದೆ ಗುಡ್ಡೆಬಿದ್ದು ಬಣ್ಣವನ್ನು ಹೀರುತ್ತದೆ. ಆದರೆ ಜೀನು ಪೂರ್ತಿಯಾಗಿ ಮುರಿದುಬಿದ್ದರೆ ಪ್ರೋಟೀನೇ ಹುಟ್ಟುವುದಿಲ್ಲ, ಬಣ್ಣವೂ ಬರುವುದಿಲ್ಲ. ಹೀಗೆ ತೀರ ಆರೋಗ್ಯವಾದುದೂ ತೀರ ಕೆಟ್ಟುದೂ ಗಾಜಿನ ಮೇಲೆ ಒಂದೇ ತೆರನಾಗಿ ತೋರುತ್ತವೆ.

ಮತ್ತೊಂದು ಕಾರಣವು ಮನುಷ್ಯಸ್ವಭಾವದಲ್ಲಿದೆ. ನೂರು ಜೀವಕೋಶಗಳಲ್ಲಿ ಎಷ್ಟಕ್ಕೆ ಬಣ್ಣ ಬಂದರೆ 'ಇದೆ' ಎನ್ನಬೇಕು? ಹತ್ತಕ್ಕೆ ಎಂದು ಒಬ್ಬರು, ಇಪ್ಪತ್ತೈದಕ್ಕೆ ಎಂದು ಮತ್ತೊಬ್ಬರು. ಗೆರೆಯನ್ನು ಅತ್ತಿತ್ತ ಸರಿಸುತ್ತ ಹೋದರೆ ಎಲ್ಲಿಯೋ ಒಂದೆಡೆ ಎರಡು ಗುಂಪುಗಳ ನಡುವೆ ಅಂತರವು ಕಂಡೇ ಕಾಣುತ್ತದೆ, ಅದನ್ನೇ ಅಚ್ಚುಹಾಕಿಸಿದರಾಯಿತು. ಗ್ರೀಸ್ ದೇಶದ ಸಂಶೋಧಕರು ೨೦೦೫ನೆಯ ಒಂದೇ ವರ್ಷದಲ್ಲಿ ಪ್ರಕಟವಾದ, ನಾನಾ ಕ್ಯಾನ್ಸರುಗಳ ಗತಿಸೂಚಕಗಳನ್ನು ಕುರಿತ ೧೫೭೫ ಲೇಖನಗಳನ್ನು ಪರಿಶೀಲಿಸಿ ೨೦೦೭ರಲ್ಲಿ ವರದಿಮಾಡಿದರು: ಅವುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕವು ಏನಾದರೊಂದು 'ಗಣನೀಯ' ಸಂಬಂಧವನ್ನು ಸಾರಿದ್ದವು. ಇಷ್ಟು ಸೂಚಕಗಳು ನಿಜವಾಗಿ ಗತಿಯನ್ನು ಹೇಳುವಂತಿದ್ದರೆ ಕ್ಯಾನ್ಸರ್ ವೈದ್ಯವು ಎಂದೋ ಜ್ಯೋತಿಷ್ಯದಷ್ಟು ಆತ್ಮವಿಶ್ವಾಸವನ್ನು ಗಳಿಸಬೇಕಾಗಿತ್ತು. ಅಧ್ಯಯನದ ಕ್ರಮವನ್ನೂ ಗೆರೆಯೆಳೆದ ಬಗೆಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂಬ ನಿಯಮಾವಳಿಯೊಂದು ೨೦೦೫ರಲ್ಲಿಯೇ ಹೊರಬಂದಿತು. ಅದನ್ನು ಎಲ್ಲರೂ ಪಾಲಿಸುತ್ತಾರೆಂದು ಹೇಳುವಂತಿಲ್ಲ.

ಆದರೆ ನನ್ನ ಮುಖ್ಯ ವಾದವಿರುವುದು ಬೇರೊಂದು ಕಡೆ. ಗತಿಯನ್ನು ಹೇಳುವ ಸೂಚಕ ಬೇರೆ, ಚಿಕಿತ್ಸೆಯ ದಾರಿಯನ್ನು ತೋರುವ ಸೂಚಕ ಬೇರೆ. ಮೊದಲನೆಯದು, ಯಾವ ಚಿಕಿತ್ಸೆಯಾದರೂ ಸರಿಯೆ, ಈ ರೋಗಿಯ ಗತಿ ಒಳ್ಳೆಯದೋ ಕೆಟ್ಟದೋ ಎಂದು ತಿಳಿಸುತ್ತದೆ. ಎರಡನೆಯದು, ಇಂಥ ಔಷಧವು ಇವನಿಗೆ ಫಲಿಸುತ್ತದೆ, ಅವನಿಗೆ ಫಲಿಸುವುದಿಲ್ಲ ಎಂದು ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬಳಸುವ ಪದಗಳು 'ಮುಂಗಂಡು ಹೇಳುವುದು' ಎಂಬ ಹೆಚ್ಚುಕಡಮೆ ಒಂದೇ ಅರ್ಥದವು. ಆದುದರಿಂದ ವೈದ್ಯರೂ ಕೂಡ ಎಡವುವುದುಂಟು. ಕನ್ನಡದಲ್ಲಿ ಈ ಶಾಸ್ತ್ರದ ಪರಿಭಾಷೆ ಇನ್ನೂ ನೆಲೆಗೊಂಡಿಲ್ಲವಾಗಿ, ಆ ಗೊಂದಲವನ್ನು ಆಮದು ಮಾಡಿಕೊಳ್ಳುವ ಅಗತ್ಯ ನಮಗಿಲ್ಲ. ಮೊದಲನೆಯದನ್ನು ಗತಿಸೂಚಕವೆಂದೂ, ಎರಡನೆಯದನ್ನು ಚಿಕಿತ್ಸಾಸೂಚಕವೆಂದೂ ಕರೆಯಬಹುದೆಂದು ನನ್ನ ಸಲಹೆ. ಇದಕ್ಕಿಂತ ಒಳ್ಳೆಯ ಪದಗಳು ವಾಚಕರಿಗೆ ಹೊಳೆದರೆ ಸಂತೋಷವೇ.

ಇದು ಕೇವಲ ಪದಗಳ ಜಗಳವಲ್ಲವೆಂಬುದಕ್ಕೆ 'ಮೆಟ್' ಎಂಬ ಪ್ರೋಟೀನಿನ ಕತೆಯನ್ನು ನೋಡಿ. ಜೀವಕೋಶದ ಮೇಲ್ಮೈಯಲ್ಲಿದ್ದು ಬೆಳವಣಿಗೆಯ ಆಜ್ಞೆಯನ್ನು ಸ್ವೀಕರಿಸುವ ಪ್ರೋಟೀನು ಇದು. ಜಠರದ ಗಂತಿಯಲ್ಲಿ ಇದು ಹೆಚ್ಚಾಗಿದ್ದರೆ ಗತಿ ಕೆಟ್ಟದ್ದೆಂದು ಹಲವು ಅಧ್ಯಯನಗಳು ಹೇಳಿದ್ದವು. ಹಾಗಾದರೆ ಇದಕ್ಕೆ ಬರುವ ಆಜ್ಞೆಯನ್ನು ತಡೆದರೆ ರೋಗಿಗೆ ಹಿತವಾಗಬೇಕಲ್ಲವೆ? ರಿಲೋಟುಮುಮಾಬ್ ಎಂಬ ಔಷಧವನ್ನು ತಯಾರಿಸಿ, ಮೆಟ್ ಇರುವ ೬೦೯ ರೋಗಿಗಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ೨೦೧೪ರಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು: ಔಷಧ ಪಡೆದವರಲ್ಲಿಯೇ ಹೆಚ್ಚು ಸಾವುಗಳು ಸಂಭವಿಸುತ್ತಿದ್ದವು. ರೂಢಿಯ ಕ್ಯಾನ್ಸರ್ ಔಷಧಗಳನ್ನಷ್ಟೇ ಪಡೆದವರ ಮಧ್ಯಾಂಕ ಆಯುಸ್ಸು ೧೦.೭ ತಿಂಗಳು, ಹೊಸ ಔಷಧವನ್ನೂ ಸೇರಿಸಿ ಪಡೆದವರದು ೮.೮ ತಿಂಗಳು. ಕೆಟ್ಟ ಗತಿಯ ಸೂಚಕವೆಲ್ಲವೂ ಔಷಧಕ್ಕೆ ಗುರಿಯಾಗಲಾರದು. ಹೊಗೆ ಕಂಡಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಸರಿ. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ.

ಇನ್ನು ಹರ್-೨ರ ಕತೆಗೆ ಬರೋಣ. ಇದರ ಆದಿಯಲ್ಲಿ ಮುಂಬಯಿಯ ಸಂಬಂಧವೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥೆಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಶಾಲೆಗೆ ಇಲ್ಲಿಂದ ಹೋಗಿದ್ದ ಲಕ್ಷ್ಮೀಚರಣ ಪಾಢಿ ಎಂಬ ವಿಜ್ಞಾನಿಗಳು, ಇಲಿಯ ನರಗಂತಿಯ ಡಿಎನ್‌ಎಯಿಂದ ಕ್ಯಾನ್ಸರಿಗೆ ತಿರುಗಿದ ಜೀವಕೋಶಗಳಲ್ಲಿ ೧,೮೫,೦೦೦ ಅಣುತೂಕದ ಒಂದು ಪ್ರೋಟೀನು ವಿಶೇಷವಾಗಿ ಕಾಣಿಸುವುದೆಂದು ಸಂಗಡಿಗರೊಡನೆ ೧೯೮೨ರಲ್ಲಿ ಪ್ರಕಟಿಸಿದರು. ನಂತರದ ಕಾಲದಲ್ಲಿ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಯ ಮಾಡಿದರು. ೧೯೮೫ರಲ್ಲಿ ಅದೇ ಪ್ರೋಟೀನಿನ ಮಾನವ ರೂಪದ ಜೀನು ದೊರೆಯಿತು. ಮರುವರ್ಷವೇ ಜಪಾನಿನ ಸಂಶೋಧಕರು ಅದು ಹದಿನೇಳನೆಯ ವರ್ಣತಂತುವಿನಲ್ಲಿದೆಯೆಂದೂ, ಜಠರದ ಕ್ಯಾನ್ಸರಿನಿಂದ ಬೆಳೆಸಿದ ಒಂದು ಜೀವಕೋಶಸಂತಾನದಲ್ಲಿ ಹಲವು ಪಟ್ಟು ಹೆಚ್ಚಿದೆಯೆಂದೂ ತೋರಿಸಿದರು. ಆದರೆ ಎಲ್ಲರ ಕಣ್ಣು ಹೋದದ್ದು ಸ್ತನದ ಕ್ಯಾನ್ಸರಿನ ಕಡೆಗೆ. ೧೯೮೭ರಲ್ಲಿ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು ೧೮೯ ಸ್ತನಗಂತಿಗಳನ್ನು ಪರೀಕ್ಷಿಸಿ, ನೂರಕ್ಕೆ ಮೂವತ್ತರಲ್ಲಿ ಈ ಜೀನು ಹೆಚ್ಚಿರುವುದನ್ನೂ, ಅಂಥವರಲ್ಲಿ ರೋಗವು ಬೇಗನೆ ಮರುಕಳಿಸುವುದನ್ನೂ ಕಂಡರು. ಅಲ್ಲಿಯವರೆಗೆ ಅದು ಗತಿಸೂಚಕ ಮಾತ್ರ. ೧೯೯೮ರಲ್ಲಿ ಈ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯವಾದ ಟ್ರಾಸ್ಟುಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಅದೇ ಚಿಕಿತ್ಸಾಸೂಚಕವೂ ಆಯಿತು.

ಜಠರದಲ್ಲಿ ಹರ್-೨ ಇದ್ದರೆ ಗತಿ ಕೆಟ್ಟದ್ದೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೌದೆಂದವರೂ ಇದ್ದಾರೆ, ಇಲ್ಲವೆಂದವರೂ ಇದ್ದಾರೆ. ಆದರೆ ಆ ಪ್ರಶ್ನೆ ಬಗೆಹರಿಯುವವರೆಗೂ ಚಿಕಿತ್ಸೆಯು ಕಾಯಬೇಕಾಗಲಿಲ್ಲ. ೨೪ ದೇಶಗಳ ೧೨೨ ಆಸ್ಪತ್ರೆಗಳಲ್ಲಿ ನಡೆದ 'ಟೋಗಾ' ಎಂಬ ಪರೀಕ್ಷೆಯ ಫಲಿತಾಂಶವು ೨೦೧೦ರಲ್ಲಿ ಪ್ರಕಟವಾಯಿತು. ಮೂರೂವರೆ ಸಾವಿರಕ್ಕೂ ಹೆಚ್ಚು ಗಂತಿಗಳನ್ನು ಪರೀಕ್ಷಿಸಿದಲ್ಲಿ ನೂರಕ್ಕೆ ೨೨ರಲ್ಲಿ ಹರ್-೨ ಹೆಚ್ಚಿದ್ದಿತು. ಅಂಥ ಮುಂದುವರಿದ ರೋಗವುಳ್ಳ ೫೯೪ ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ರೂಢಿಯ ಔಷಧಗಳನ್ನೂ, ಉಳಿದವರಿಗೆ ಅವುಗಳ ಜೊತೆಗೆ ಟ್ರಾಸ್ಟುಜುಮಾಬನ್ನೂ ಕೊಟ್ಟರು. ಮಧ್ಯಾಂಕ ಆಯುಸ್ಸು ೧೧.೧ ತಿಂಗಳಿಂದ ೧೩.೮ ತಿಂಗಳಿಗೆ ಏರಿತು. ಗಮನಿಸಬೇಕಾದುದು ಇದು: ಬಣ್ಣವು ಗಾಢವಾಗಿದ್ದವರಲ್ಲಿ, ಇಲ್ಲವೆ ಬಣ್ಣವು ಮಧ್ಯಮವಾಗಿದ್ದು ಜೀನೂ ಹೆಚ್ಚಿದ್ದವರಲ್ಲಿ, ಅಂತರವು ೧೧.೮ಕ್ಕೆ ೧೬ ತಿಂಗಳು. ಜೀನು ಹೆಚ್ಚಿದ್ದರೂ ಪ್ರೋಟೀನು ಅಲ್ಪವಾಗಿದ್ದವರಿಗೆ ಅಂತಹ ಲಾಭವೇನೂ ಕಾಣಲಿಲ್ಲ. ಈ ಉಪವಿಭಾಗಗಳ ಲೆಕ್ಕವು ಆಮೇಲೆ ಮಾಡಿದುದಾದ್ದರಿಂದ ಎಚ್ಚರದಿಂದ ಓದಬೇಕಾದರೂ, ಔಷಧವು ಅಂಟಿಕೊಳ್ಳುವುದು ಜೀನಿಗಲ್ಲ, ಪ್ರೋಟೀನಿಗೆ ಎಂಬ ಸರಳ ತರ್ಕಕ್ಕೆ ಅದು ಹೊಂದುತ್ತದೆ. ಎರಡೂವರೆ ತಿಂಗಳು, ನಾಲ್ಕು ತಿಂಗಳು ಎಂದರೆ ಎಷ್ಟರ ಮಾತು ಎಂದು ಕೆಲವರಿಗೆ ತೋರಬಹುದು. ಮಗಳ ಮದುವೆಯ ದಿನವನ್ನು ನಿಶ್ಚಯಿಸಿ ಕಾದಿರುವ ತಂದೆಯನ್ನು ಕೇಳಿದರೆ ಉತ್ತರ ಬೇರೆಯಾದೀತು.

ಸ್ತನದ ಕ್ಯಾನ್ಸರಿನಲ್ಲಿ ಬಳಸಿದ ಅಳತೆಗೋಲನ್ನು ಜಠರಕ್ಕೆ ಹಾಗೆಯೇ ತರಲಾಗಲಿಲ್ಲ. ಸ್ತನಗಂತಿಯಲ್ಲಿ ಬಣ್ಣವು ಜೀವಕೋಶದ ಸುತ್ತ ಪೂರ್ಣ ಬಳೆಯಂತೆ ಬಂದರೆ ಮಾತ್ರ ಲೆಕ್ಕ. ಜಠರದ ಗ್ರಂಥಿಯ ಜೀವಕೋಶಗಳಾದರೋ ಒಳನಾಳದ ಕಡೆಗೆ ಮುಖಮಾಡಿ ನಿಂತಿರುತ್ತವೆ. ಹರ್-೨ ಆ ಮುಖದಲ್ಲಿರದೆ ಪಕ್ಕಗಳಲ್ಲಿಯೂ ತಳದಲ್ಲಿಯೂ ಇರುತ್ತದೆ. ಆದಕಾರಣ ಬಣ್ಣವು ಮೇಲ್ಗಡೆ ತೆರೆದ ಕುದುರೆಲಾಳದ ಆಕಾರದಲ್ಲಿ ಬರುತ್ತದೆ. ಹಳೆಯ ನಿಯಮವನ್ನೇ ಹಿಡಿದಿದ್ದರೆ ಎಷ್ಟೋ ರೋಗಿಗಳು 'ಇಲ್ಲ' ಎಂಬ ಪಟ್ಟಿಗೆ ಸೇರಿ ಔಷಧದಿಂದ ವಂಚಿತರಾಗುತ್ತಿದ್ದರು. ಅಲ್ಲದೆ ಜಠರದ ಗಂತಿಯಲ್ಲಿ ಹರ್-೨ ಎಲ್ಲೆಡೆ ಸಮನಾಗಿ ಹರಡಿರದೆ ಅಲ್ಲೊಂದು ಗುಂಪು ಇಲ್ಲೊಂದು ಗುಂಪಾಗಿರುವುದೇ ಹೆಚ್ಚು. ಇವೆರಡನ್ನೂ ಪರಿಗಣಿಸಿ ೨೦೦೮ರಲ್ಲಿ ಜಠರಕ್ಕೆಂದೇ ಬೇರೆ ಕ್ರಮವನ್ನು ರಚಿಸಿದರು. ಶಸ್ತ್ರಕ್ರಿಯೆಯಲ್ಲಿ ತೆಗೆದ ದೊಡ್ಡ ತುಣುಕಾದರೆ ನೂರಕ್ಕೆ ಹತ್ತು ಜೀವಕೋಶಗಳಿಗಾದರೂ ಬಣ್ಣ ಬಂದಿರಬೇಕು; ಎಂಡೋಸ್ಕೋಪಿನಿಂದ ಚಿವುಟಿದ ಸಣ್ಣ ತುಣುಕಾದರೆ ಒತ್ತಾಗಿರುವ ಐದು ಜೀವಕೋಶಗಳ ಒಂದು ಗುಂಪಿದ್ದರೂ ಸಾಕು. ಐದು ಜೀವಕೋಶಗಳು ಒಬ್ಬ ಮನುಷ್ಯನ ಚಿಕಿತ್ಸೆಯನ್ನು ನಿರ್ಧರಿಸುತ್ತವೆ! ಒಂದೆರಡು ತುಣುಕುಗಳನ್ನಷ್ಟೆ ತೆಗೆಯದೆ ಗಂತಿಯ ಬೇರೆ ಬೇರೆ ಕಡೆಗಳಿಂದ ಆರು ಎಂಟನ್ನಾದರೂ ತೆಗೆಯಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ.

ವರದಿಯ ಅಂಕೆಗಳನ್ನು ಈಗ ಓದಬಹುದು. ಸೊನ್ನೆ ಮತ್ತು ಒಂದು ಪ್ಲಸ್ ಎಂದರೆ 'ಇಲ್ಲ'. ಎರಡು ಪ್ಲಸ್ ಎಂದರೆ ಸಂದೇಹ. ಜೀನಿನ ಪ್ರತಿಗಳನ್ನು ಎಣಿಸುವ ಮತ್ತೊಂದು ಪರೀಕ್ಷೆಯಿಂದ ನಿರ್ಣಯವಾಗಬೇಕು. ಮೂರು ಪ್ಲಸ್ ಎಂದರೆ 'ಇದೆ'. ಆ ಹುಡುಗನು ಕೇಳಿದ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ: ಮೂರು ಪ್ಲಸ್ ಎಂಬುದು ರೋಗದ ಕೆಡುಕಿನ ಅಳತೆಯೇ ಅಲ್ಲ, ಅವನ ತಂದೆಗೆ ಇನ್ನೊಂದು ಔಷಧದ ಬಾಗಿಲು ತೆರೆದಿದೆಯೆಂಬ ಸುದ್ದಿ. ಬೆಲೆಯ ಬಾಗಿಲು ಬೇರೆ. ಬಹುಕಾಲ ಈ ಔಷಧವು ನಮ್ಮ ದೇಶದ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ೨೦೧೪ರಲ್ಲಿ, ಮೊದಲಿಗೆ ಸ್ತನದ ಕ್ಯಾನ್ಸರಿಗೆಂದು, ಇದಕ್ಕೆ ಸಮಾನವಾದ ಔಷಧವನ್ನು ಮಾರುಕಟ್ಟೆಗೆ ತಂದಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಗತಿಯ ವಿಷಯದಲ್ಲಿ ಮೌನವಾಗಿದ್ದೂ ದಾರಿಯನ್ನು ತೋರುವ ಸೂಚಕವೊಂದುಂಟು. ಅದರ ಹೆಸರು 'ಕ್ಲಾಡಿನ್ ೧೮.೨'. ಕ್ಲಾಡಿನ್‌ಗಳನ್ನು ೧೯೯೮ರಲ್ಲಿ ಕಂಡುಹಿಡಿದವರು ಕ್ಯೋಟೋ ನಗರದ ಶೋಇಚಿರೋ ತ್ಸುಕಿತ ಮತ್ತು ಸಂಗಡಿಗರು. 'ಮುಚ್ಚು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹೆಸರಿಟ್ಟರು. ಜೀವಕೋಶಗಳ ನಡುವಣ ಸಂದುಗಳನ್ನು ಬಿಗಿದು, ಜಠರದ ಆಮ್ಲವು ಒಳಗೆ ಸೋರದಂತೆ ತಡೆಯುವುದು ಜಠರದಲ್ಲಿರುವ ಈ ಪ್ರೋಟೀನಿನ ಕೆಲಸ. ಆರೋಗ್ಯವಂತ ಜಠರದಲ್ಲಿ ಅದು ಸಂದಿನೊಳಗೆ ಹುದುಗಿರುತ್ತದೆ; ಕ್ಯಾನ್ಸರಿನಲ್ಲಿ ಜೀವಕೋಶಗಳ ಶಿಸ್ತು ತಪ್ಪಿದಾಗ ಪ್ರತಿಕಾಯಕ್ಕೆ ಸಿಕ್ಕುವಂತೆ ಹೊರಗೆ ತೆರೆದುಕೊಳ್ಳುತ್ತದೆ. ಇದು ಇದ್ದವರಿಗೂ ಇಲ್ಲದವರಿಗೂ ಆಯುಸ್ಸಿನಲ್ಲಿ ಸ್ಥಿರವಾದ ವ್ಯತ್ಯಾಸವೇನೂ ಕಂಡುಬಂದಿಲ್ಲ. ಗತಿಸೂಚಕವನ್ನೇ ಹುಡುಕುತ್ತಿದ್ದವರು ಇದನ್ನು ನಿಷ್ಪ್ರಯೋಜಕವೆಂದು ಬದಿಗಿಡುತ್ತಿದ್ದರು. ಆದರೆ ೨೦೨೩ರಲ್ಲಿ ಪ್ರಕಟವಾದ ೫೬೫ ರೋಗಿಗಳ ಪರೀಕ್ಷೆಯಲ್ಲಿ, ನೂರಕ್ಕೆ ಎಪ್ಪತ್ತೈದಾದರೂ ಗಂತಿಯ ಜೀವಕೋಶಗಳಲ್ಲಿ ಈ ಪ್ರೋಟೀನು ಎದ್ದು ಕಂಡವರಿಗೆ ಜೋಲ್ಬೆಟುಕ್ಸಿಮಾಬ್ ಎಂಬ ಪ್ರತಿಕಾಯವನ್ನು ಕೊಟ್ಟಾಗ ಮಧ್ಯಾಂಕ ಆಯುಸ್ಸು ೧೫.೫ ತಿಂಗಳಿಂದ ೧೮.೨ಕ್ಕೆ ಏರಿತು. ೨೦೨೪ರಲ್ಲಿ ಜಪಾನ್ ಮತ್ತು ಅಮೆರಿಕಗಳು ಇದಕ್ಕೆ ಅನುಮತಿ ನೀಡಿದವು. ಆರೋಗ್ಯವಾದ ಜಠರದಲ್ಲಿಯೂ ಅದೇ ಪ್ರೋಟೀನು ಇರುವುದರಿಂದ ವಾಂತಿ ಓಕರಿಕೆಗಳ ಕಾಟ ಹೆಚ್ಚು.

ಇನ್ನೊಂದು ಬಗೆಯಲ್ಲಿ ಬಣ್ಣ ಬರದಿರುವುದೇ ಸೂಚನೆ. ಜೀವಕೋಶವು ವಿಭಜನೆಯಾಗುವಾಗ ಡಿಎನ್‌ಎಯ ನಕಲಿನಲ್ಲಿ ಬರುವ ಅಕ್ಷರದೋಷಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳಿವೆ. ಕರಡುತಿದ್ದುವವರೆಂದು ಅವುಗಳನ್ನು ಕರೆಯಬಹುದು. ಇವುಗಳಲ್ಲಿ ಒಂದು ಲೋಪವಾದರೂ ಜೀನುಗಳಲ್ಲಿ ತಪ್ಪುಗಳು ರಾಶಿಬೀಳುತ್ತವೆ. ಆಶ್ಚರ್ಯವೆಂದರೆ ಇಂತಹ ಗಂತಿಯುಳ್ಳವರ ಗತಿಯು ಶಸ್ತ್ರಕ್ರಿಯೆಯ ತರುವಾಯ ಇತರರಿಗಿಂತ ಉತ್ತಮ; ತಪ್ಪುಗಳಿಂದ ತುಂಬಿದ ಪ್ರೋಟೀನುಗಳನ್ನು ದೇಹದ ರಕ್ಷಣಾಪಡೆಯು ಪರಕೀಯವೆಂದು ಗುರುತಿಸುವುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ೨೦೦೬ರಲ್ಲಿ ಬ್ರಿಟನ್ನಿನ 'ಮ್ಯಾಜಿಕ್' ಪರೀಕ್ಷೆಯು, ಶಸ್ತ್ರಕ್ರಿಯೆಯ ಹಿಂದೆಯೂ ಮುಂದೆಯೂ ಕ್ಯಾನ್ಸರ್ ಔಷಧಗಳನ್ನು ಕೊಟ್ಟರೆ ಐದು ವರ್ಷ ಬದುಕುವವರು ನೂರಕ್ಕೆ ೨೩ರಿಂದ ೩೬ಕ್ಕೆ ಏರುವರೆಂದು ತೋರಿಸಿದ್ದಿತು. ಅದೇ ಪರೀಕ್ಷೆಯ ಹಳೆಯ ಅಚ್ಚುಗಳನ್ನು ಮತ್ತೆ ತೆಗೆದು ನೋಡಿದ ೨೦೧೭ರ ಅಧ್ಯಯನವು, ಕರಡುತಿದ್ದುವ ಪ್ರೋಟೀನಿಲ್ಲದ ರೋಗಿಗಳು ಶಸ್ತ್ರಕ್ರಿಯೆಯೊಂದರಿಂದಲೇ ಚೆನ್ನಾಗಿದ್ದರೆಂದೂ, ಔಷಧಗಳನ್ನೂ ಪಡೆದವರಿಗೆ ಒಳಿತಿನ ಬದಲು ಕೆಡುಕೇ ಆದಂತೆ ತೋರುವುದೆಂದೂ ಹೇಳಿತು. ಅಂಥ ರೋಗಿಗಳ ಸಂಖ್ಯೆ ಅಲ್ಲಿ ಚಿಕ್ಕದು. ಆದುದರಿಂದ ಅದನ್ನು ಕಡೆಯ ಮಾತೆಂದು ಹಿಡಿಯಬಾರದು. ಆದರೆ ರೋಗವು ಹರಡಿದ ಸ್ಥಿತಿಯಲ್ಲಿ ಇಂಥವರಿಗೆ ದೇಹದ ರಕ್ಷಣಾಪಡೆಯ ಕಡಿವಾಣವನ್ನು ಬಿಚ್ಚುವ ಔಷಧಗಳು ಚೆನ್ನಾಗಿ ಫಲಿಸುತ್ತವೆಂಬುದು ದೃಢಪಟ್ಟಿದೆ. ೨೦೧೭ರಲ್ಲಿ ಅಮೆರಿಕವು ಗಂತಿಯು ಯಾವ ಅಂಗದ್ದೆಂದು ಕೇಳದೆ, ಈ ಲೋಪವೊಂದನ್ನೇ ಆಧರಿಸಿ, ಅಂತಹ ಔಷಧಕ್ಕೆ ಅನುಮತಿಯನ್ನಿತ್ತಿತು. ಒಂದೇ ಸೂಚಕವು ಗತಿಯನ್ನೂ ದಾರಿಯನ್ನೂ ಎರಡನ್ನೂ ಹೇಳುವ ಅಪರೂಪದ ಸಂದರ್ಭ ಇದು.

ಸೂಚಕವು ಒಮ್ಮೆ ಬರೆದಿಟ್ಟ ಜಾತಕವೂ ಅಲ್ಲ. ಹರ್-೨ ಇದ್ದ ಗಂತಿಗೆ ಟ್ರಾಸ್ಟುಜುಮಾಬ್ ಕೊಟ್ಟು, ಕೆಲಕಾಲದ ನಂತರ ರೋಗವು ಮತ್ತೆ ಬೆಳೆದಾಗ ಹೊಸದಾಗಿ ತುಣುಕು ತೆಗೆದು ನೋಡಿದರೆ, ಸುಮಾರು ಮೂರರಲ್ಲಿ ಒಬ್ಬ ರೋಗಿಯಲ್ಲಿ ಆ ಪ್ರೋಟೀನು ಮಾಯವಾಗಿರುತ್ತದೆ. ಅದನ್ನು ಹೊತ್ತ ಜೀವಕೋಶಗಳು ಸತ್ತು, ಹೊರದವು ಉಳಿದು ಬೆಳೆದಿರುತ್ತವೆ. ಎರಡನೆಯ ಸರದಿಯಲ್ಲಿ ಹಳೆಯ ವರದಿಯನ್ನೇ ನಂಬಿ ಹರ್-೨ರ ಔಷಧಗಳನ್ನು ಕೊಟ್ಟ ಕೆಲವು ಪರೀಕ್ಷೆಗಳು ವಿಫಲವಾದುದಕ್ಕೆ ಇದೂ ಒಂದು ಕಾರಣವೆಂದು ಎಣಿಸಲಾಗಿದೆ. ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಈ ತಪ್ಪನ್ನು ತಿದ್ದಿಕೊಂಡು, ಟ್ರಾಸ್ಟುಜುಮಾಬ್ ಸೋತ ಮೇಲೆ ಮರಳಿ ತುಣುಕು ತೆಗೆದು ಹರ್-೨ ಇನ್ನೂ ಇದೆಯೆಂದು ಖಚಿತವಾದವರನ್ನಷ್ಟೆ ಸೇರಿಸಿಕೊಂಡರು. ಅದೇ ಪ್ರತಿಕಾಯಕ್ಕೆ ಜೀವಕೋಶವನ್ನು ಕೊಲ್ಲುವ ವಿಷವನ್ನು ಕಟ್ಟಿ ತಯಾರಿಸಿದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಪಡೆದವರ ಮಧ್ಯಾಂಕ ಆಯುಸ್ಸು ೧೪.೭ ತಿಂಗಳು; ಅಲ್ಲಿಯವರೆಗಿನ ರೂಢಿಯ ಚಿಕಿತ್ಸೆ ಪಡೆದವರದು ೧೧.೪ ತಿಂಗಳು. ರೋಗ ಮರುಕಳಿಸಿದವರ ಮನೆಯವರು ಡಾಕ್ಟರರನ್ನು ಮೊದಲು ಕೇಳಬೇಕಾದ ಪ್ರಶ್ನೆಯು ಹಳೆಯ ವರದಿಯಲ್ಲಿ ಏನು ಬರೆದಿತ್ತೆಂಬುದಲ್ಲ, ಹೊಸ ತುಣುಕನ್ನು ತೆಗೆಯಲು ಸಾಧ್ಯವೇ ಎಂಬುದು.